ಬಾಗಿಲು ಯಾವ ಕಡೆಗೆ

ದೇವರು ಪ್ರತಿ ಜೀವಕ್ಕೂ ಮುಖವನ್ನು ಮುಂದೆ ಇಟ್ಟ, ಬೆನ್ನನ್ನು ಹಿಂದೆ ಇಟ್ಟ. ಇರುವೆಗೂ ಹಾಗೆಯೇ, ಆನೆಗೂ ಹಾಗೆಯೇ. ಆತ ಭೇದ ಮಾಡಲಿಲ್ಲ. ಊರಿನವರು ಮಾತ್ರ ಒಂದು ಸಾಲು ಮನೆಗಳನ್ನು ತಿರುಗಿಸಿ ಇಟ್ಟಿದ್ದರು.

ದೊಡ್ಡ ಬೀದಿಯ ಒಂದು ಬದಿಗೆ ಆ ಸಾಲು. ಬೀದಿಗೆ ಅವುಗಳ ಬೆನ್ನು. ಬಾಗಿಲಿಲ್ಲ, ಕಿಟಕಿಯಿಲ್ಲ, ಬರೀ ಗೋಡೆ. ಬಾಗಿಲುಗಳೆಲ್ಲ ಹಿಂದಿನ ಓಣಿಗೆ. ಆ ಓಣಿಗೆ ಹೋಗಬೇಕಾದರೆ ಬೀದಿಯ ಕೊನೆಯವರೆಗೆ ನಡೆದು, ಕಸದ ಗುಡ್ಡೆಯನ್ನು ಸುತ್ತಿ, ಮತ್ತೆ ಅಷ್ಟೇ ದೂರ ವಾಪಸು ಬರಬೇಕು. ಇದು ನಿಯಮವೇ ಎಂದು ಕೇಳಿದರೆ, ಅಲ್ಲ. ಎಲ್ಲಿಯೂ ಬರೆದಿಲ್ಲ. ಯಾರು ಹೇಳಿದರು ಎಂದರೆ, ಯಾರೂ ಹೇಳಿಲ್ಲ. ಹಾಗಾದರೆ ಯಾಕೆ ಎಂದರೆ, "ಮೊದಲಿಂದಲೂ ಹಾಗೇ." ಊರಿನಲ್ಲಿ ಯಾವುದಕ್ಕೆ ಕಾರಣ ಹೇಳಲು ನಾಚಿಕೆಯೋ ಅದಕ್ಕೆಲ್ಲ ಇದೊಂದೇ ಉತ್ತರ.

ಆ ಸಾಲಿನ ನಡುಮನೆಯ ಹೆಂಗಸು ಊರಿನ ಚರಂಡಿ ತೆಗೆಯುವವಳು. ಅವಳಿಗೆ ಮೊಂಡಿ ಎಂದು ಹೆಸರಿಟ್ಟವಳು ಅವಳ ಅತ್ತೆ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆಯ ಕೈಯ ಸಲಿಕೆಯನ್ನು ಕಸಿದುಕೊಂಡು, "ಇನ್ನು ನೀವು ಕೂತ್ಕೊಳ್ಳಿ" ಅಂದಿದ್ದಳು. ಬೇಡವೆಂದರೂ ಕೇಳಲಿಲ್ಲ. ಅತ್ತೆ ಆ ಹೆಸರನ್ನು ಮುದ್ದಿಗೆ ಕರೆದಳು. ಊರು ಮುದ್ದನ್ನು ಕಳಚಿಟ್ಟು ಹೆಸರನ್ನಷ್ಟೇ ತೆಗೆದುಕೊಂಡಿತು. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಇವರಿಬ್ಬರೇ. ಒಬ್ಬಳಿಗೆ ಮಂಡಿಯಲ್ಲಿ ಬಲವಿಲ್ಲ, ಇನ್ನೊಬ್ಬಳಿಗೆ ಪುರಸೊತ್ತಿಲ್ಲ.

ಬೆಳಗಾದರೆ ಮೊಂಡಿ ಬಟ್ಟೆಯನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿ ಚರಂಡಿಗೆ ಇಳಿಯುತ್ತಾಳೆ. ಸೊಂಟ ಬಗ್ಗುತ್ತದೆ. ಮಧ್ಯಾಹ್ನದವರೆಗೆ ಏಳುವುದಿಲ್ಲ. ಸಲಿಕೆ ಹೂಳಿಗೆ ಇಳಿಯುತ್ತದೆ, ಎತ್ತುತ್ತದೆ, ಬುಟ್ಟಿಗೆ ಸುರಿಯುತ್ತದೆ. ಬುಟ್ಟಿ ತಲೆಗೆ ಏರುತ್ತದೆ. ಬುಟ್ಟಿಯ ನೀರು ಕಿವಿಯ ಹಿಂದಿನಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಬೆನ್ನಿಗೆ. ಊರಿನ ಬಾಗಿಲುಗಳನ್ನು ಅವಳಷ್ಟು ಹತ್ತಿರದಿಂದ ಯಾರೂ ನೋಡಿಲ್ಲ. ಆದರೆ ನೋಡಿದ್ದು ಕೆಳಗಿನಿಂದ. ಹೊಸ್ತಿಲು ಅವಳ ಕಣ್ಣಿನ ಮಟ್ಟಕ್ಕೆ. ಜನರೆಲ್ಲ ಅವಳಿಗೆ ಪಾದಗಳಾಗಿಯೇ ಪರಿಚಯ. ಒಮ್ಮೆ ಒಂದು ಹೊಸ್ತಿಲಿನಿಂದ ಪಾತ್ರೆ ತೊಳೆದ ನೀರು ನೇರವಾಗಿ ಅವಳ ಬೆನ್ನ ಮೇಲೆ ಬಿತ್ತು.

"ಅಯ್ಯೋ, ನೀನಿದ್ಯಾ? ಕಾಣಿಸ್ಲೇ ಇಲ್ಲ."

"ಇನ್ಮೇಲೆ ಕೆಮ್ತಾ ಇರ್ತೀನಿ ಬಿಡಿ ಅಮ್ಮಾ," ಅಂದಳು ಮೊಂಡಿ.

ಒಂದು ಮಳೆಗಾಲ ಅವಳ ಮನೆಯ ಬೆನ್ನುಗೋಡೆ ನೆನೆದು ನೆನೆದು ಕೊನೆಗೆ ಕೂತುಬಿಟ್ಟಿತು. ಹೆಚ್ಚು ಸದ್ದು ಮಾಡಲಿಲ್ಲ. ಸದ್ದು ಮಾಡಬಾರದೆಂದು ಆ ಸಾಲಿನ ಗೋಡೆಗಳಿಗೂ ಗೊತ್ತು. ಒಲೆಯ ಮುಂದಿದ್ದ ಅತ್ತೆ ತಿರುಗಿ ನೋಡಿದರೆ ಎದುರಿಗೆ ದೊಡ್ಡ ಬೀದಿ.

ಆ ಬೀದಿಯ ಚರಂಡಿಯನ್ನು ಅರ್ಧ ಆಯುಷ್ಯ ತೆಗೆದವಳು ಅವಳು. ಆದರೆ ಒಂದು ದಿನವೂ ಕೂತು ನೋಡಿರಲಿಲ್ಲ. ಮಂಡಿ ಹೋದ ಮೇಲಂತೂ ಕಸದ ಗುಡ್ಡೆ ಸುತ್ತಲಾಗದೆ ಓಣಿಯ ಗೋಡೆಯನ್ನೇ ನೋಡಿಕೊಂಡಿದ್ದಳು. ಈಗ ಬಿದ್ದ ಜಾಗಕ್ಕೆ ಸೊಸೆ ಕಟ್ಟಿದ ಗೋಣಿತಾಟನ್ನು ಪಕ್ಕಕ್ಕೆ ಸರಿಸಿ, ಇಟ್ಟಿಗೆ ರಾಶಿಯ ಮೇಲೆ ಕೂತು, ಬೆಳಗಿನಿಂದ ಸಂಜೆಯವರೆಗೆ ನೋಡಿದಳು. ಬಸ್ಸು ಬಂತು, ಹೋಯಿತು. ಶಾಲೆ ಬಿಟ್ಟಿತು. ನಾಯಿಗಳು ಕಚ್ಚಾಡಿ ರಾಜಿಯಾದವು. ಸಂಜೆ ಸೊಸೆ ಕೈಕಾಲು ತೊಳೆದು ಬಂದರೆ ವರದಿ ಸಿದ್ಧ.

"ಗಿರಣಿಯವನಿಗೂ ಅವನ ಹೆಂಡತಿಗೂ ಮಾತಿಲ್ಲ ಕಣೇ."

"ನಿಮಗ್ಯಾರು ಹೇಳಿದ್ರು?"

"ದಿನಾ ಪಕ್ಕಪಕ್ಕ ಹೋಗ್ತಿದ್ರು. ಇವತ್ತು ಮಧ್ಯದಲ್ಲಿ ಒಂದು ಗಾಡಿ ಹೋಗೋಷ್ಟು ಜಾಗ ಇತ್ತು."

"ಅತ್ತೇ, ನಿಮಗ್ಯಾಕೆ ಊರ ಉಸಾಬರಿ?"

"ಇಷ್ಟು ವರ್ಷ ಇರ್ಲಿಲ್ವಲ್ಲ, ಬಾಕಿ ತೀರಿಸ್ತಿದೀನಿ."

ಬೀದಿಗೆ ಮಾತ್ರ ಈ ನೋಟ ಹಿಡಿಸಲಿಲ್ಲ. ಎದುರಿನ ದಿನಸಿ ಅಂಗಡಿಯವ ಊರ ಕಚೇರಿಗೆ ಹೋಗಿ ದೂರು ಕೊಟ್ಟ. "ಆ ಮುದುಕಿ ದಿನವಿಡೀ ನನ್ನ ತಕ್ಕಡೀನೇ ನೋಡ್ತಾಳೆ. ತೂಕ ಮಾಡೋಕೆ ಕೈ ನಡುಗುತ್ತೆ." ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಈತ ಯಾರೂ ಏನೂ ಅನ್ನುವ ಮೊದಲೇ ಮುಟ್ಟಿಕೊಂಡಿದ್ದ.

ಕಚೇರಿಯಿಂದ ಆಳು ಬಂದ. ಗೋಡೆ ಕಟ್ಟಬೇಕು, ಬೇಗ ಕಟ್ಟಬೇಕು, ಆದರೆ ಪರವಾನಗಿ ಇಲ್ಲದೆ ಕಟ್ಟಬಾರದು ಎಂದು ಹೇಳಿ ಹೋದ. ಉಳಿದ ಮೂರು ಗೋಡೆಗಳೂ ಇಂದೋ ನಾಳೆಯೋ ಎನ್ನುತ್ತಿದ್ದವು. ಹಾಗಾಗಿ ಇಡೀ ಮನೆಯನ್ನೇ ಕೆಡವಿ ಹೊಸದಾಗಿ ಕಟ್ಟುವುದೆಂದಾಯಿತು. ಮೊಂಡಿಯ ತಮ್ಮ ಪಕ್ಕದೂರಿನಲ್ಲಿ ಗಾರೆ ಕೆಲಸದವ. ಬಂದು ಜಾಗ ಅಳೆದ. ಒಂದು ಕೋಣೆ, ಅಡುಗೆಗೆ ಒಂದು ಮೂಲೆ, ಒಂದು ಪಾಯಖಾನೆ, ಸೂರಿನ ಕೆಳಗೆ ಗಾಳಿಗಿಂಡಿ. ಅದಕ್ಕಿಂತ ಹೆಚ್ಚು ಜಾಗವಿಲ್ಲ.

"ಅಕ್ಕಾ, ಬಾಗಿಲು ಎಲ್ಲಿ ಇಡೋಣ?"

ಮೊಂಡಿ ಅತ್ತೆಯ ಮುಖ ನೋಡಿದಳು. ಅತ್ತೆ ಬೀದಿ ನೋಡುತ್ತಿದ್ದಳು.

"ಅವರು ಕೂತಿದಾರಲ್ಲ, ಅಲ್ಲೇ."

ಕೈಯಲ್ಲಿದ್ದ ಅಳತೆದಾರವನ್ನು ತಮ್ಮ ಬಿಟ್ಟುಬಿಟ್ಟ. "ಬೀದಿಗಾ?"

"ಬೀದಿಗೆ."

"ಬಿಡ್ತಾರಾ?"

"ಕೇಳೋಣ. ಮನೆ ಕಟ್ಟಿ ನೋಡು ಅಂತಾರಲ್ಲ. ಕಟ್ಟೋಕೆ ಮುಂಚೆ ಕೇಳಿಯೂ ನೋಡೋಣ."

ಕಚೇರಿಯ ಗುಮಾಸ್ತನಿಗೆ ಎರಡು ಒಳ್ಳೆಯ ಗುಣಗಳಿದ್ದವು. ಕೆಳಗಿನವರಿಗೆ ಆತ ಎಂದೂ ಇಲ್ಲ ಅನ್ನುತ್ತಿರಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಆತನ ಕೈ ಪಳಗಿತ್ತು. ಮೇಲಿನವರಿಗೆ ಆತ, ಅವರು ಕೇಳದ ಹೊರತು, ಏನನ್ನೂ ಹೇಳುತ್ತಿರಲಿಲ್ಲ. ಈ ಎರಡು ಗುಣಗಳಿಂದ ಆತನ ತಲೆಗೂದಲು ಇನ್ನೂ ಕಪ್ಪಾಗಿತ್ತು.

ಮೊಂಡಿ ಕಚೇರಿಯ ಕಿಟಕಿಯ ಹೊರಗೆ ನಿಂತಳು. ಒಳಗೆ ಬಂದವರಿಗೆಂದು ಬೆಂಚು ಇತ್ತು. ಬೆಂಚು ಖಾಲಿ ಇತ್ತು. ಆದರೂ ಅವಳ ಜಾಗ ಕಿಟಕಿ. ನಕ್ಷೆಯನ್ನು ಗುಮಾಸ್ತ ಅವಳ ಕೈಯಿಂದ ತೆಗೆದುಕೊಳ್ಳಲಿಲ್ಲ. "ಕಟ್ಟೆ ಮೇಲೆ ಇಡು" ಅಂದ. ಇಟ್ಟಳು. ಅವಳು ಕೈ ಹಿಂದಕ್ಕೆ ತೆಗೆದ ಮೇಲೆ ಸ್ಕೇಲಿನ ತುದಿಯಿಂದ ಒಳಗೆ ಎಳೆದುಕೊಂಡ. ಬೆಳಗ್ಗೆ ಸೋಪು ಹಚ್ಚಿ ಉಜ್ಜಿ ಉಜ್ಜಿ ತೊಳೆದ ಕೈ. ಮೊಂಡಿ ಅದನ್ನೊಮ್ಮೆ ನೋಡಿಕೊಂಡಳು.

"ಎಲ್ಲಾ ಚೆನ್ನಾಗಿದೆ," ಅಂದ ಗುಮಾಸ್ತ. "ಅಳತೆ ಸರಿ, ಪಾಯ ಸರಿ. ಬಾಗಿಲು ಮಾತ್ರ... ಈ ಕಡೆ ಬಂದ್ಬಿಟ್ಟಿದೆಯಲ್ಲಮ್ಮಾ."

"ಬಂದಿಲ್ಲ ಸ್ವಾಮಿ. ನಾವೇ ಇಟ್ಟಿದ್ದು."

"ಬೀದಿ ಧೂಳೆಲ್ಲ ಒಳಗೆ ಬರುತ್ತೆ."

"ಗುಡಿಸ್ತೀನಿ. ನಂಗೆ ಬರೋ ಕೆಲಸ ಅದೇ."

"ಬಸ್ಸು ಲಾರಿ ಓಡಾಡೋ ಜಾಗ. ವಯಸ್ಸಾದವರು ಕಾಲು ಆಚೆ ಇಟ್ರೆ ಅಪಾಯ."

"ಎದುರು ಸಾಲಲ್ಲೂ ವಯಸ್ಸಾದವರಿದಾರೆ. ಲಾರಿ ಅವರನ್ನ ಗುರುತಿಸುತ್ತಾ?"

"ಮುಂದೇನೇ ಚರಂಡಿ. ವಾಸನೆ ನೋಡು, ವಾಸನೆ!"

ಮೊಂಡಿ ತುಂಬ ವಿನಯದಿಂದ ಕೇಳಿದಳು: "ಹೌದಾ ಸ್ವಾಮಿ? ಯಾವ ಥರದ್ದು ವಾಸನೆ?"

ಗುಮಾಸ್ತ ಕೆಮ್ಮಿದ. ನೀರು ಕುಡಿದ. ಮತ್ತೆ ಕೆಮ್ಮಿದ.

"ನಿಯಮದಲ್ಲಿ ಬೇಡ ಅಂತಿದೆಯಾ ಸ್ವಾಮಿ?"

"ಇದೆ ಅಂತ ನಾನು ಹೇಳ್ಲಿಲ್ಲ."

"ಹಾಗಾದ್ರೆ ಇಲ್ವಾ?"

"ಇಲ್ಲ ಅಂತಾನೂ ಹೇಳ್ಲಿಲ್ಲ. ನೀನು ಇದನ್ನ ತಿರುಗಿಸ್ಕೊಂಡು ಬಾ, ತಕ್ಷಣ ಮುಂದಕ್ಕೆ ಕಳಿಸ್ತೀನಿ."

ಮರುದಿನ ಅವಳು ಕೂಲಿ ಬಿಟ್ಟು ಮತ್ತೆ ಬಂದಳು. "ತಿರುಗಿಸಿದ್ಯಾ?" "ತಿರುಗಿಸಿದೀನಿ ಸ್ವಾಮಿ." ಗುಮಾಸ್ತನ ಮುಖ ಅರಳಿತು. ನಕ್ಷೆಯನ್ನು ಎಳೆದುಕೊಂಡ. ಬಾಗಿಲು ನಿಜಕ್ಕೂ ಆ ಕಡೆಗೆ ಹೋಗಿತ್ತು. ಒಳ್ಳೆಯದು ಅನ್ನುವಷ್ಟರಲ್ಲಿ ಅಕ್ಷರಗಳೆಲ್ಲ ತಲೆಕೆಳಗಾಗಿ ನಿಂತಿರುವುದು ಕಂಡಿತು. ಅವಳು ಕಾಗದವನ್ನೇ ತಿರುಗಿಸಿ ಇಟ್ಟಿದ್ದಳು.

"ತಮಾಷೆ ಮಾಡ್ತೀಯಾ?"

"ನೀವು ಶುರು ಮಾಡಿದ್ರಿ ಸ್ವಾಮಿ. ನಾನು ಜೊತೆ ಕೊಟ್ಟೆ."

ದೇವರು ವರ ಕೊಟ್ಟರೂ ಪೂಜಾರಿ ಕೊಡ. ಇಲ್ಲಿ ಪೂಜಾರಿಗೂ ಮೇಲೊಬ್ಬರಿದ್ದರು. ನಕ್ಷೆ ಊರ ಸಭೆಯ ಮುಂದೆ ಹೋಯಿತು. ಸಭೆಯ ಅಧ್ಯಕ್ಷರು ಯಾರ ಮನಸ್ಸನ್ನೂ ನೋಯಿಸದ ಮನುಷ್ಯ ಎಂದು ಹೆಸರಾದವರು. ಬೈಯುವವರಲ್ಲ, ಹೊಡೆಯುವವರಲ್ಲ. ಎಲ್ಲರನ್ನೂ ತಾಯಿ, ತಂದೆ ಎಂದು ಕರೆದೇ ಎಲ್ಲರನ್ನೂ ಅವರವರ ಜಾಗದಲ್ಲಿ ನಿಲ್ಲಿಸಿದ್ದರು. ಮೊಂಡಿಯ ಜಾಗ ಆ ದಿನ ಸಭಾಕೋಣೆಯ ಹೊರಗಿನ ಮೆಟ್ಟಿಲಾಗಿತ್ತು. ಒಳಗೆ ಫ್ಯಾನು ತಿರುಗುತ್ತಿತ್ತು. ಹೊರಗೆ ಬಿಸಿಲು.

"ತಾಯೀ," ಅಂದರು ಅಧ್ಯಕ್ಷರು, "ನಮ್ಮದೇನೂ ಅಡ್ಡಿಯಿಲ್ಲ. ಮನೆ ಕಟ್ಕೋ, ಚೆನ್ನಾಗಿ ಕಟ್ಕೋ. ಆ ಒಂದು ಬಾಗಿಲು ಮಾತ್ರ ಓಣಿ ಕಡೆ ಮಾಡ್ಕೊಂಡ್ಬಿಡು. ಸಾಲಿಗೆ ಸಾಲು ಚಂದ ಕಾಣುತ್ತೆ."

"ಯಾಕೆ ಅಂತ ಹೇಳಿ, ಮಾಡ್ಕೋತೀನಿ."

"ಚಂದಕ್ಕೆ ಅಂದೆನಲ್ಲ."

"ಮುಖ ಮುಂದಿದ್ರೆ ಚಂದ ಅಂತ ನಾನು ಅಂದ್ಕೊಂಡಿದ್ದೆ."

ಅಂಗಡಿಯವನೂ ಸಭೆಯ ಸದಸ್ಯ. ಅವನಿಗೆ ತಡೆಯಲಾಗಲಿಲ್ಲ. "ಬೆಳಗಾದ್ರೆ ಅಂಗಡಿ ಬಾಗಿಲು ತೆಗೀತೀನಿ. ಮೊದಲು ಇವರ ಮುಖ ನೋಡ್ಬೇಕಾ? ಇವರ ಹೊಸ್ತಿಲಿಗೆ ಎದುರಾಗಿ ನಾನು ವ್ಯಾಪಾರ ಮಾಡ್ಬೇಕಾ?"

"ಶ್ಶ್! ಹಾಗೆಲ್ಲ ಅನ್ನಬಾರದು," ಅಂದರು ಅಧ್ಯಕ್ಷರು. ಗುಮಾಸ್ತನ ಕಡೆ ತಿರುಗಿ, "ಅದನ್ನ ಬರ್ಕೋಬೇಡಿ."

"ಬರ್ಕೊಳ್ಳಿ ಸ್ವಾಮಿ," ಅಂದಳು ಮೊಂಡಿ ಮೆಟ್ಟಿಲಿನಿಂದ. "ಇಷ್ಟು ದಿನಕ್ಕೆ ಒಬ್ರಾದ್ರೂ ಕಾರಣ ಹೇಳಿದ್ರು."

ಅಧ್ಯಕ್ಷರು ಮೆಟ್ಟಿಲಿನ ಕಡೆ ತಿರುಗಿದರು.

"ಮೊಂಡು ಹಿಡೀಬೇಡ ತಾಯೀ."

"ಅದನ್ನೇ ತಾನೇ ಎಲ್ಲರೂ ನನ್ನ ಕರೆಯೋದು? ಅಧ್ಯಕ್ಷರೇ, ನಿಮ್ಮ ಚರಂಡಿ ತೆಗೀತೀನಿ. ನೀವು ಉಗುಳಿದ್ದು, ನೀವು ತೊಳೆದಿದ್ದು, ನಿಮ್ಮ ಮನೆ ಮಕ್ಕಳದ್ದು, ಎಲ್ಲಾ ಎತ್ತಿ ತಲೆ ಮೇಲೆ ಹೊತ್ತು ಊರಾಚೆ ಹಾಕ್ತೀನಿ. ಅದಕ್ಕೆ ಬೀದಿಗೆ ಬರಬಹುದು. ಮನೆಗೆ ಬರೋಕೆ ಬೀದಿಯಿಂದ ಬರಬಾರದಾ? ಅವರು ಈಗ ಅಂದರಲ್ಲ, ಅದನ್ನೇ ಬರೀರಿ. ಕೆಳಗೆ ನಿಮ್ಮ ಸಹಿ ಹಾಕಿ. ನಾನು ಬಾಗಿಲು ತಿರುಗಿಸ್ತೀನಿ. ಬರೆಯಲ್ಲ ಅಂದ್ರೆ ನಾನೂ ತಿರುಗಿಸಲ್ಲ."

ಬರೆದರೆ ಏನಾಗುತ್ತದೆಂದು ಒಳಗಿದ್ದವರಿಗೆಲ್ಲ ಗೊತ್ತಿತ್ತು. ಆ ಮಾತು ಬಾಯಿಯಲ್ಲಿದ್ದರೆ ಪದ್ಧತಿ, ಕಾಗದಕ್ಕೆ ಇಳಿದರೆ ಜೈಲು. ಯಾರ ಮನಸ್ಸನ್ನೂ ನೋಯಿಸದ ಅಧ್ಯಕ್ಷರಿಗೆ ಅವತ್ತು ತಮ್ಮ ಮನಸ್ಸು ನೋಯಿತು. ಕೆಂಪು ಪೆನ್ನು ಎತ್ತಿದರು. ನಕ್ಷೆಯಲ್ಲಿದ್ದ ಬಾಗಿಲಿನ ಮೇಲೆ ಅಡ್ಡ ಗೆರೆ, ಅದರ ಮೇಲೆ ಇನ್ನೊಂದು ಅಡ್ಡ ಗೆರೆ. ಬಾಗಿಲಿದ್ದಲ್ಲಿ ಗೋಡೆ ಎಳೆದರು. ಸಹಿ ಗೀಚಿದರು.

"ಇದೊಂದು ಬಿಟ್ಟು ಮಿಕ್ಕಿದ್ದೆಲ್ಲ ಮಂಜೂರು. ಹೋಗು."

ಅಧ್ಯಕ್ಷರ ಮನೆಗೆ ಮುಂದೊಂದು ಬಾಗಿಲು, ಹಿಂದೊಂದು ಬಾಗಿಲು, ಪಕ್ಕದಲ್ಲಿ ಆಳುಗಳಿಗೆಂದು ಇನ್ನೊಂದು ಬಾಗಿಲು. ಒಂದನ್ನು ಮುಚ್ಚಿದರೆ ಮನೆಗೆ ಇನ್ನೊಂದು ಇದ್ದೇ ಇರುತ್ತದೆಂಬುದು ಅವರ ತಿಳುವಳಿಕೆ. ಒಂದೇ ಬಾಗಿಲಿನ ಮನೆಯೂ ಭೂಮಿಯ ಮೇಲೆ ಇದೆಯೆಂದು ಅವರಿಗೆ ಹೊಳೆಯಲೇ ಇಲ್ಲ. ಆ ಓಣಿಗೆ ಹೋದವರಾಗಿದ್ದರೆ ಹೊಳೆಯುತ್ತಿತ್ತೇನೋ. ಸಭೆಯಲ್ಲಿ ಯಾರೂ ಹೋದವರಲ್ಲ. ಗುಮಾಸ್ತನಿಗೆ ಮಾತ್ರ ಕಂಡಿತು. ನಕ್ಷೆಯನ್ನು ಮೇಲೆ ನೋಡಿದ, ಕೆಳಗೆ ನೋಡಿದ. ಅಧ್ಯಕ್ಷರು ಕೇಳಲಿಲ್ಲ. ಆತ ಹೇಳಲಿಲ್ಲ. ಮೊಹರು ಒತ್ತಿದ.

ಮೊಂಡಿಯ ತಮ್ಮ ಕಾಗದವನ್ನು ಬೆಳಕಿಗೆ ಹಿಡಿದು ಓದಿದ. "ಮಂಜೂರಾದ ನಕ್ಷೆಯಂತೆಯೇ ಕಟ್ಟತಕ್ಕದ್ದು. ತಪ್ಪಿದಲ್ಲಿ ಕಟ್ಟಡವನ್ನು ಕೆಡವಲಾಗುವುದು." ಆಮೇಲೆ ನಕ್ಷೆ ನೋಡಿದ. ಅದರ ಸುತ್ತ ಬೆರಳು ಓಡಿಸಿದ. ಬೆರಳು ಎಲ್ಲಿಯೂ ನಿಲ್ಲದೆ ಹೊರಟಲ್ಲಿಗೇ ಬಂತು.

"ಅಕ್ಕಾ... ಬಾಗಿಲೇ ಇಲ್ವಲ್ಲೇ!"

"ಗೊತ್ತು."

"ನಾಳೆ ಹೋಗಿ ಹೇಳೋಣ. ಮರೆತಿರ್ತಾರೆ."

ಅತ್ತೆಗೆ ಆಗಲೇ ನಗು ಶುರುವಾಗಿತ್ತು. ಮೊದಲು ಹೊಟ್ಟೆ ಅಲುಗಿತು, ಆಮೇಲೆ ಭುಜ, ಆಮೇಲೆ ಕೆಮ್ಮು ಬಂದು ಕಣ್ಣಲ್ಲಿ ನೀರು. "ಬಾಗಿಲು ಬೇಡ ಅಂದ್ರು, ಬಾಗಿಲೇ ಇಲ್ಲ. ದೊಡ್ಡವರ ಮಾತು ಕಣೋ, ಸುಳ್ಳಾಗಬಾರದು."

ಮೊಂಡಿ ನಗಲಿಲ್ಲ. ಕಾಗದವನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿದಳು. ಅಂಗಳದಲ್ಲಿ ಬಿದ್ದ ಹಳೆಯ ಇಟ್ಟಿಗೆಗಳನ್ನು ನೋಡಿದಳು.

"ಅವರು ಹೇಳಿದ ಹಾಗೇ ಕಟ್ಟೋಣ," ಅಂದಳು. "ಒಂದಿಂಚೂ ಆಚೀಚೆ ಬೇಡ."

ಕಟ್ಟಿದರು. ಓಣಿಯವರೆಲ್ಲ ಕೈಹಾಕಿದರು. ಚರಂಡಿಯ ಕೆಲಸ ಮುಗಿಸಿ ಬಂದು ಮೊಂಡಿ ಮಣ್ಣು ತುಳಿದಳು. ಬೆಳಗ್ಗೆ ಊರ ಕೆಸರು, ಸಂಜೆ ತನ್ನ ಕೆಸರು. ಇಟ್ಟಿಗೆ ಹೊತ್ತು ಹೊತ್ತು ನೆತ್ತಿಯ ಕೂದಲು ಸವೆಯಿತು. ಅಂಗೈ ಒಡೆದಲ್ಲಿ ಸುಣ್ಣ ಸೇರಿ ಉರಿಯಿತು. ಗೋಡೆ ಸೊಂಟದೆತ್ತರ ಬಂದಾಗ ಅತ್ತೆ ಹಟ ಹಿಡಿದಳು. "ನನ್ನ ಈಗಲೇ ಒಳಗೆ ಇಡ್ರೋ. ಆಮೇಲೆ ಇಳಿಸೋಕೆ ಹತ್ತಿಸೋಕೆ ನಾನೇನು ಬಾವಿ ಕೊಡಾನಾ?" ತಮ್ಮ ಅವಳನ್ನು ಬೆನ್ನಿನ ಮೇಲೆ ಹೊತ್ತು ಗೋಡೆ ದಾಟಿಸಿ ಕೂರಿಸಿದ. ಅವಳ ಸುತ್ತ ಗೋಡೆ ಬೆಳೆಯಿತು. ಮೊದಲು ಅವಳ ಭುಜ ಮುಚ್ಚಿತು, ಆಮೇಲೆ ತಲೆ. ಆಮೇಲೆ ಮಾತು ಮಾತ್ರ ಹೊರಗೆ ಬರುತ್ತಿತ್ತು.

ಸೂರಿಗೆ ಅರ್ಧ ತಗಡು ಹೊದಿಸಿ ಅರ್ಧ ಬಿಟ್ಟರು. ಅದೇ ದಾರಿ. ಬೀದಿಯ ಗೋಡೆಗೆ ಏಣಿ. ಮೊಂಡಿ ಏಣಿ ಹತ್ತಿ ಮನೆಗೆ ಹೋದಳು, ಏಣಿ ಇಳಿದು ಕೆಲಸಕ್ಕೆ ಬಂದಳು. ಗಂಜಿಯ ಪಾತ್ರೆ ಹಗ್ಗದಲ್ಲಿ ಇಳಿಯಿತು, ತೊಳೆದ ಪಾತ್ರೆ ಹಗ್ಗದಲ್ಲಿ ಏರಿತು. ಇಷ್ಟೆಲ್ಲ ದೊಡ್ಡ ಬೀದಿಯಲ್ಲಿ, ಹಾಡುಹಗಲಲ್ಲಿ. ಮಕ್ಕಳು ಪೆಟ್ಟಿಗೆ ಮನೆ ಎಂದು ಕರೆದರು. ಬಸ್ಸಿನ ಚಾಲಕ ಅಲ್ಲಿಗೆ ಬಂದಾಗ ನಿಧಾನ ಮಾಡಿದ. ಪ್ರಯಾಣಿಕರು ಕುತ್ತಿಗೆ ಚಾಚಿದರು. ಅಂಗಡಿಯವ ಬೈದುಕೊಳ್ಳುತ್ತಲೇ ನೋಡಲು ಬಂದವರಿಗೆ ಬಿಸ್ಕತ್ತು ಮಾರಿದ. ಯಾರಾದರೂ "ಇದೇನಮ್ಮಾ?" ಎಂದು ಕೇಳಿದರೆ ಮೊಂಡಿ ಏಣಿಯ ಮೇಲಿನಿಂದಲೇ, "ಅಧ್ಯಕ್ಷರು ಮಂಜೂರು ಮಾಡಿದ ಮನೆ," ಎನ್ನುತ್ತಿದ್ದಳು. ಸುಳ್ಳಲ್ಲವಲ್ಲ.

ಅಧ್ಯಕ್ಷರು ಪಕ್ಕದೂರಿಗೆ ಹೋದರೆ ಅಲ್ಲಿಯವರು ಕೇಳಿದರು: "ಬಾಗಿಲಿಲ್ಲದ ಮನೆಗೆ ಪರವಾನಗಿ ಕೊಟ್ಟೋರು ನೀವೇ ಅಂತೆ?" ಮರುದಿನ ಬೆಳಗ್ಗೆ ಅವರೇ ಬಂದರು. ಹಿಂದೆ ಗುಮಾಸ್ತ. ಅವನ ಹಿಂದೆ ಬೀದಿಗೆ ಬೀದಿಯೇ. ಮೊಂಡಿ ಚರಂಡಿಯಲ್ಲಿದ್ದಳು. ಸಲಿಕೆ ಊರಿ ಮೇಲೆ ಬಂದಳು. ಮೊಣಕಾಲಿನವರೆಗೆ ಕೆಸರು.

"ಏನಮ್ಮಾ ಇದು?"

"ಮನೆ."

"ಬಾಗಿಲೆಲ್ಲಿ?"

"ನೀವೇ ಹೊಡೆದು ಹಾಕಿದ್ರಲ್ಲ."

"ನಾನು ಹೊಡೆದಿದ್ದು ಮುಂಬಾಗಿಲು! ಹಿಂಬಾಗಿಲು ಇರಲ್ವಾ ಮನೆ ಅಂದ್ಮೇಲೆ?"

"ನಮಗೆ ಇರೋದು ಒಂದೇ ಅಧ್ಯಕ್ಷರೇ. ಹೋಗೋದೂ ಅದ್ರಲ್ಲೇ, ಬರೋದೂ ಅದ್ರಲ್ಲೇ. ಕೊನೆಗೆ ಹೊತ್ಕೊಂಡು ಹೋಗೋದೂ ಅದ್ರಲ್ಲೇ."

ಅಧ್ಯಕ್ಷರು ಗುಮಾಸ್ತನ ಕಡೆ ನೋಡಿದರು. "ನಿಮಗೆ ಕಾಣಿಸ್ಲಿಲ್ವೇನ್ರೀ?"

"ಕಾಣಿಸ್ತು ಸಾರ್."

"ಮತ್ತೆ?"

"ನೀವು ಕೇಳ್ಲಿಲ್ಲ ಸಾರ್."

ಗುಂಪಿನಲ್ಲಿ ಯಾರೋ ನಕ್ಕರು. ಅಧ್ಯಕ್ಷರ ಕಿವಿ ಕೆಂಪಾಯಿತು. "ಆಯ್ತು. ಓಣಿ ಕಡೆ ಒಂದು ಒಡ್ಕೋ. ನಾನು ಹೇಳ್ತಿದೀನಿ."

"ಬನ್ನಿ, ಎಲ್ಲಿ ಅಂತ ಬಂದು ತೋರಿಸಿ. ಆಮೇಲೆ ಇಲ್ಲಲ್ಲ ಅಲ್ಲಿ ಅಂದ್ರೆ ಕಷ್ಟ."

ಅಧ್ಯಕ್ಷರು ಹೊರಟರು. ಜನರೂ ಹಿಂದೆ ಹೊರಟರು. ಬೀದಿಯ ಕೊನೆಗೆ ಹೋದರು. ಕಸದ ಗುಡ್ಡೆಯ ಹತ್ತಿರ ಹೋದರು. ಕರವಸ್ತ್ರ ಮೂಗಿಗೆ ಬಂತು. ಗುಡ್ಡೆಯ ಆಚೆಗೆ ಓಣಿ ಕಾಣುತ್ತಿತ್ತು. ಒಂದು ಹೆಜ್ಜೆ ಎತ್ತಿದರು. ಆ ಹೆಜ್ಜೆ ಗಾಳಿಯಲ್ಲಿ ಸ್ವಲ್ಪ ಹೊತ್ತು ಯೋಚನೆ ಮಾಡಿತು. ಹಿಂದಕ್ಕೆ ಬಂತು. ಅಧ್ಯಕ್ಷರೂ ಅದರ ಜೊತೆ ವಾಪಸು ಬಂದರು.

"ಎಲ್ಲಾದ್ರೂ ಒಡ್ಕೋ," ಅಂದರು. "ಬೀದಿಗೆ ಮಾತ್ರ ಬೇಡ."

"ಯಾಕೆ?"

ಮತ್ತೆ ಅದೇ ಮಾತು. ಅಧ್ಯಕ್ಷರು ಬಾಯಿ ತೆರೆದರು. ಇಡೀ ಬೀದಿ ನೋಡುತ್ತಿತ್ತು. ಬಾಯಿ ಮುಚ್ಚಿದರು.

"ಮುದುಕಿಗೆ ಒಳಗೇ ಏನಾದ್ರೂ ಆದ್ರೆ?" ಅಂದ ಅಂಗಡಿಯವ. "ಆಗ ಯಾರ ತಲೆ ಮೇಲೆ ಬರುತ್ತೆ?"

"ಅದನ್ನ ನೀವು ಹೇಳ್ಬೇಕು. ನಾನಂತೂ ಗೋಡೆ ಮುಟ್ಟಲ್ಲ. ಕೆಡವಿಸ್ತೀವಿ ಅಂತ ಮೊಹರು ಹಾಕಿ ಕೊಟ್ಟಿದೀರಿ."

ಅಷ್ಟರಲ್ಲಿ ಗೋಡೆಯೊಳಗಿನಿಂದ ಸದ್ದು ಬಂತು. ಟಕ್. ಸ್ವಲ್ಪ ಬಿಟ್ಟು ಮತ್ತೆ ಟಕ್. ಮೊಂಡಿ ಗೋಡೆಗೆ ಕಿವಿಯಿಟ್ಟಳು. ಬೀದಿಯ ಗೋಡೆ, ನೆಲದಿಂದ ಎರಡು ಮೊಳ ಮೇಲೆ.

"ಅತ್ತೇ? ಏನ್ ಮಾಡ್ತಿದೀರಾ?"

"ನಿನ್ನ ತಮ್ಮ ಹಾರೆ ಒಳಗೇ ಬಿಟ್ಟೋಗಿದಾನೆ ಕಣೇ."

"ಅತ್ತೇ, ಬೇಡ! ಪರವಾನಗಿ ಇಲ್ಲ!"

"ಪರವಾನಗಿ ಕೇಳಿದ್ದು ನೀನು. ಕೊಟ್ಟಿದ್ದು ಅವರು. ಅದರ ಪ್ರಕಾರ ಕಟ್ಟಿದೀಯ, ಮುಗೀತು." ಟಕ್. "ನಾನು ಯಾರನ್ನೂ ಏನೂ ಕೇಳಿಲ್ಲ."

ಮಣ್ಣಿನ ಗಾರೆ ಇನ್ನೂ ಹಸಿಯಿತ್ತು. ಒಂದು ಇಟ್ಟಿಗೆ ಅಲುಗಿತು. ಮೊಂಡಿ ಹಿಂದೆ ಸರಿದಳು. ಇಟ್ಟಿಗೆ ಹೊರಕ್ಕೆ ಬಂತು, ನಿಂತಿತು, ಇನ್ನೊಂದು ಪೆಟ್ಟಿಗೆ ಬೀದಿಗೆ ಉರುಳಿತು. ಅದರ ಪಕ್ಕದ್ದು ಉರುಳಿತು. ಮೇಲಿನದು ಕೆಳಗಿನದನ್ನು ಹಿಂಬಾಲಿಸಿತು. ಧೂಳು ಎದ್ದು ಅಧ್ಯಕ್ಷರ ಬಿಳಿ ಬಟ್ಟೆಯ ಮೇಲೆ ಕೂತಿತು. ಧೂಳು ಇಳಿದ ಮೇಲೆ ಗೋಡೆಯಲ್ಲಿ ಒಂದು ತೂತು, ತೂತಿನಲ್ಲಿ ಒಂದು ಮುಖ. ಸುಕ್ಕು ಬಿದ್ದ, ಸುಣ್ಣ ಮೆತ್ತಿದ, ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡ ಮುಖ. ಅವಳು ಬೀದಿಯನ್ನು ಆ ತುದಿಯಿಂದ ಈ ತುದಿಗೆ ನಿಧಾನವಾಗಿ ನೋಡಿದಳು. ಕೊನೆಗೆ ಕಣ್ಣು ಎದುರಿಗೆ ನಿಂತವರ ಮೇಲೆ ನಿಂತಿತು.

"ಯಾರಪ್ಪಾ ಅದು, ಅಧ್ಯಕ್ಷರಾ? ಬಿಸಿಲಲ್ಲಿ ಯಾಕೆ ನಿಂತಿದೀಯಪ್ಪಾ? ಬಾ, ಒಳಗೆ ಬಾ."

ಹೊಸ್ತಿಲಲ್ಲಿ ಕೂತ ಯಾವ ಅಜ್ಜಿಯಾದರೂ ಹೇಳುವ ಮಾತು ಅದು. ಅದಕ್ಕೆ ಯಾವ ದಾರಿಹೋಕನಾದರೂ ಕೊಡುವ ಉತ್ತರ ಒಂದಿದೆ. ಅದನ್ನು ಯಾರೂ ಯೋಚಿಸಿ ಕೊಡುವುದಿಲ್ಲ. ತಾಯಿ ಕಲಿಸಿದ್ದು, ನಾಲಗೆಗೆ ಅಂಟಿದ್ದು. ಅಧ್ಯಕ್ಷರು ಎಷ್ಟಾದರೂ ಮರ್ಯಾದಸ್ಥ ಮನುಷ್ಯ.

"ಇರ್ಲಿ ಅಜ್ಜೀ, ಇನ್ನೊಂದು ಸಲ ಬರ್ತೀನಿ," ಅಂದುಬಿಟ್ಟರು.

ಅಂದ ಮೇಲೆ ಅವರಿಗೆ ಕೇಳಿಸಿತು. ಆ ತೂತನ್ನು ಬಾಗಿಲೆಂದು ಅವರೇ ಒಪ್ಪಿದ್ದು ಬೀದಿಗೂ ಕೇಳಿಸಿತು. ಅಂಗಡಿಯವ ಹಣೆ ಹಿಡಿದುಕೊಂಡ. ಗುಮಾಸ್ತ ಜೇಬಿನಿಂದ ಪೆನ್ನು ತೆಗೆದ, ಅಧ್ಯಕ್ಷರ ಮುಖ ನೋಡಿದ, ಅವರು ಏನೂ ಕೇಳದಿದ್ದುದರಿಂದ ವಾಪಸು ಇಟ್ಟುಕೊಂಡ. ಅಧ್ಯಕ್ಷರು ಬಟ್ಟೆಯ ಧೂಳು ಕೊಡವಿದರು. ಕೊಡವುತ್ತಲೇ ನಡೆದರು. ಮಧ್ಯದಲ್ಲಿ ಒಮ್ಮೆ ನಿಂತರು, ಏನೋ ಹೇಳುವವರಂತೆ ತಿರುಗಿದರು. ಮುದುಕಿ ಇನ್ನೂ ನೋಡುತ್ತಿದ್ದಳು. ಹಾಗೇ ಹೊರಟುಹೋದರು.

ತಮ್ಮ ಓಡಿ ಬಂದು ಹೊರಗಿನಿಂದ ಹಾರೆ ಹಾಕಿದ. ತೂತು ಅಗಲವಾಯಿತು. ಕೆಳಗೆ ನೆಲದವರೆಗೆ ಇಳಿಯಿತು. ಅತ್ತೆಯ ಮಂಡಿ ಕಂಡಿತು, ಪಾದ ಕಂಡಿತು. ಮೊಂಡಿ ಬಿದ್ದ ಇಟ್ಟಿಗೆಗಳನ್ನು ಒಂದೊಂದಾಗಿ ಪಕ್ಕಕ್ಕೆ ಜೋಡಿಸಿದಳು. ನಾಳೆ ಕಚೇರಿಯಿಂದ ಏನು ಬರುತ್ತದೋ ಗೊತ್ತಿರಲಿಲ್ಲ. ಏನೋ ಒಂದು ಬಂದೇ ಬರುತ್ತದೆಂದು ಮಾತ್ರ ಗೊತ್ತಿತ್ತು.

"ಅಕ್ಕಾ," ಅಂದ ತಮ್ಮ, ಬೆವರು ಒರೆಸಿಕೊಂಡು, ನಗುತ್ತ. "ಎತ್ತರ ಎಷ್ಟು ಇಡ್ಲಿ? ಇನ್ನೊಂದು ಸಲ ಬರ್ತಾರಂತಲ್ಲ. ಸ್ವಲ್ಪ ತಗ್ಗಿಸಿ ಇಡ್ಲಾ? ತಲೆ ಬಗ್ಗಿಸಿ ಬರ್ಲಿ."

ಗುಂಪು ನಕ್ಕಿತು. ಮೊಂಡಿಗೂ ನಗು ಬಂತು. ಅವಳು ಸೊಂಟದ ಮೇಲೆ ಕೈಯಿಟ್ಟು ಬೆನ್ನನ್ನು ನಿಧಾನವಾಗಿ ನೇರ ಮಾಡಿದಳು. ಎಲ್ಲೋ ಒಂದು ಮೂಳೆ ಲಟಕ್ಕೆಂದಿತು.

"ಬೇಡ ಕಣೋ. ನೆಟ್ಟಗೆ ನಡ್ಕೊಂಡು ಬರೋ ಹಾಗೇ ಇಡು," ಅಂದಳು. "ಬಗ್ಗೋದು ಏನು ಅಂತ ನಂಗೊತ್ತು."